ಇಮಾನ ಇಲ್ಲದ ಶುಕ್ರವಾರ

ನಮ್ಮ ಮನೆಯಲ್ಲಿ ‘ಇಮಾನ ಇಲ್ಲ’ ಎಂದರೆ ಸೂಟಿ, ಕೆಲಸಕ್ಕೆ ರಜೆ ಎಂದು ಅರ್ಥ. ವಿಮಾನಕ್ಕೆ ನಮ್ಮ ಕಡೆ ಎಲ್ಲರೂ ಇಮಾನ ಅನ್ನುವವರೇ. ಮುಂದೆ ‘ವಿ’ ಹಚ್ಚುವುದನ್ನು ನಾನು ಕಲಿತದ್ದು ಎಷ್ಟೋ ವರ್ಷಗಳ ನಂತರ, ಅತ್ತೆ ತೀರಿಕೊಂಡು, ಸುರಪುರದ ಆ ಮನೆ ಬಿಟ್ಟು, ಶಹಾಪುರದ ಶಾಲೆಯೊಂದರಲ್ಲಿ ಕಸ ಗುಡಿಸುತ್ತ ಅಕ್ಷರ ಕಲಿತ ಮೇಲೆ. ಅಲ್ಲಿಯ ಮಕ್ಕಳು ‘ವಿಮಾನ’ ಎಂದು ಒದರಿ ಒದರಿ ಓದುವಾಗ ನಾನು ಕಸಬರಿಗೆ ಹಿಡಿದು ನಿಂತುಬಿಡುತ್ತಿದ್ದೆ. ಒಂದು ಅಕ್ಷರ ಸರಿಯಾಗಿ ಹಚ್ಚಿದ್ದರೆ ನನ್ನ ಬಾಳು ಬೇರೆಯಾಗುತ್ತಿತ್ತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ನನ್ನ ಗಂಡ ಹೈದರಾಬಾದಿನ ಬೇಗಂಪೇಟೆಯ ವಿಮಾನ ನಿಲ್ದಾಣದಲ್ಲಿ ಆಳು. ಇಳಿದ ವಿಮಾನದ ಗಾಲಿಗೆ ಕಟ್ಟಿಗೆಯ ಅಡ್ಡ ಕೊಡುವುದು, ಬಾಗಿಲಿಗೆ ಏಣಿ ಹಚ್ಚುವುದು, ಟಪಾಲಿನ ಚೀಲ ಇಳಿಸುವುದು ಅವರ ಕೆಲಸ. ವಿಮಾನ ಇದ್ದ ದಿನ ಕೆಲಸ, ಇಲ್ಲದ ದಿನ ಸೂಟಿ. ಸಂಸ್ಥಾನದ ಕಾಲದಲ್ಲಿ ಅಲ್ಲಿ ವಾರದ ರಜೆ ಶುಕ್ರವಾರ. ಹಬ್ಬವೋ ಉರುಸೋ ಶುಕ್ರವಾರದ ಪಕ್ಕಕ್ಕೆ ಬಿದ್ದರೆ ಒಂದೆರಡು ದಿನ ಅವರ ಪಾಳಿಗೆ ವಿಮಾನ ಇರುತ್ತಿರಲಿಲ್ಲ. ಆಗ ರೈಲು ಹತ್ತಿ ಯಾದಗಿರಿಗೆ, ಅಲ್ಲಿಂದ ಮೋಟಾರಿನಲ್ಲಿ ಶಹಾಪುರ ಹಾಯ್ದು ಸುರಪುರಕ್ಕೆ ಬರುತ್ತಿದ್ದರು. ಬಂದವರೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, “ಇಮಾನ ಇಲ್ಲ, ಬಂದೆ” ಎನ್ನುತ್ತಿದ್ದರು. ಬೇರೆ ಹೆಂಗಸರ ಗಂಡಂದಿರು ಬಂದಾಗ ಏನೆನ್ನುತ್ತಿದ್ದರೋ ನನಗೆ ಗೊತ್ತಿಲ್ಲ. ನನ್ನ ಪಾಲಿಗೆ ಈ ಲೋಕದಲ್ಲಿ ಅದಕ್ಕಿಂತ ಚಂದದ ಮಾತು ಇರಲಿಲ್ಲ.

ನನ್ನನ್ನು ಬೋನಾಳದಿಂದ ಕೊಟ್ಟಾಗ ಮೈನೆರೆದು ವರ್ಷವೂ ಆಗಿರಲಿಲ್ಲ. ತಾಯಿ ಇಲ್ಲದವಳು, ಅಪ್ಪನಿಗೆ ಒಬ್ಬಳೇ ಮಗಳು. ಅಲ್ಲಿ ಕುರಿ ಇದ್ದವು, ಕೆರೆ ಇತ್ತು, ಕುರಿಯ ಹಿಂದೆ ಕಾಲು ಸೋಲುವವರೆಗೂ ನಡೆಯಬಹುದಿತ್ತು. ಸುರಪುರದ ಮನೆಗೆ ಒಂದು ಪಡಸಾಲೆ, ಒಂದು ಅಡುಗೆಮನೆ, ಎತ್ತರದ ಗೋಡೆಯ ಅಂಗಳ. ಮಾವ ನಾನು ಬರುವ ಮೊದಲೇ ತೀರಿದ್ದರು. ಅತ್ತೆ ಹೊಲಕ್ಕೆ ಹೋಗುವಾಗ ಹೊರಗಿನಿಂದ ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗುತ್ತಿದ್ದಳು. “ದಿನಮಾನ ಸರಿ ಇಲ್ಲ. ಪ್ರಾಯದ ಹುಡುಗಿ ನೀ” ಎನ್ನುತ್ತಿದ್ದಳು. ಅದು ಸುಳ್ಳಲ್ಲ, ಆಗ ಊರೂರಲ್ಲಿ ಗದ್ದಲ. ಆದರೆ ಎರಡು ಆಡುಗಳನ್ನು ಹೊರಗೆ ಹೊಡೆದುಕೊಂಡು ಹೋಗಿ ನನ್ನನ್ನು ಒಳಗೆ ಬಿಡುತ್ತಿದ್ದಳಲ್ಲ, ಆ ಆಡುಗಳ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಸವತಿಯ ಮೇಲೂ ಇರಲಾರದು ಎಂದುಕೊಳ್ಳುತ್ತಿದ್ದೆ. ಸವತಿ ಎಂಬ ಮಾತನ್ನು ಆಗ ಬರೀ ಮಾತಿಗೆ ಬಳಸುತ್ತಿದ್ದೆ.

ಅವರು ಬಂದಾಗ ಹಗಲೆಲ್ಲ ವಿಮಾನದ್ದೇ ಕಥೆ. ಅಂಗಳದಲ್ಲಿ ಹೊರಸು ಹಾಕಿಕೊಂಡು ಮಲಗಿ, ಯಾವ ವಿಮಾನ ಯಾವಾಗ ಬರುತ್ತದೆ ಎಂದು ನನ್ನಿಂದ ಒಪ್ಪಿಸಿಕೊಳ್ಳುತ್ತಿದ್ದರು. “ಮುಂಜಾನಿದ್ದು?” “ಮದ್ರಾಸಿಗೆ ಹೋಗೂದು.” “ಊಟದ ಹೊತ್ತಿಂದು?” “ಬೆಂಗಳೂರಿಂದು.” “ಸಂಜಿದ್ದು?” “ಬೊಂಬಾಯಿದು. ಮಳಿಗಾಲದಾಗ ತಡಾ ಆಗತೈತಿ.” ತಪ್ಪಿದರೆ ಕಿವಿ ಹಿಂಡುವ ಹಾಗೆ ಮಾಡುತ್ತಿದ್ದರು, ನಾನು ಬೇಕೆಂದೇ ತಪ್ಪುತ್ತಿದ್ದೆ. ವಿಮಾನದ ಜಾತಿಗಳನ್ನೂ ಅವರೇ ಕಲಿಸಿದರು. ಮೇಲೊಂದು ಕೆಳಗೊಂದು ರೆಕ್ಕೆ ಇದ್ದು ನಡುವೆ ತಂತಿ ಬಿಗಿದದ್ದು ಹಳೆಯ ಕಾಲದ್ದು, ಅದರ ಮೈ ಬಟ್ಟೆಯದು. ಡಕೋಟ ಅಂದರೆ ತಗಡಿನದು, ಎರಡು ಇಂಜಿನ್ನಿನದು. ಬಾಲದ ಕೆಳಗೆ ಸಣ್ಣ ಗಾಲಿ ಇರುವುದರಿಂದ ನೆಲದ ಮೇಲೆ ಅದು ಕುಂತ ನಾಯಿಯ ಹಾಗೆ ಮೂತಿ ಮೇಲೆ ಮಾಡಿಕೊಂಡು ನಿಲ್ಲುತ್ತದೆ. ಒಳಗೆ ಹತ್ತಿದವರು ದಿಬ್ಬ ಏರಿದ ಹಾಗೆ ಏರಿ ತಮ್ಮ ಕುರ್ಚಿಗೆ ಹೋಗಬೇಕು.

“ಅಷ್ಟು ದೊಡ್ಡ ಮಂದಿ ಇಮಾನದಾಗ ದಿಬ್ಬಾ ಏರತಾರೇನ್ರಿ?” ಎಂದು ನಾನು ನಕ್ಕಿದ್ದೆ.

“ನೀನೂ ಏರಬೇಕು ಒಂದಿನ. ಅಲ್ಲಿ ಒಂದು ಖೋಲಿ ಸಿಗಲಿ, ನಿನ್ನ ಕರಕೊಂಡು ಹೋಗತೀನಿ. ನಾ ಏಣಿ ಹಿಡೀತೀನಿ, ನೀ ಹತ್ತಿ ನೋಡೀಯಂತ.”

ಜೋಳದ ದಂಟು ಸುಲಿದು, ಒಳಗಿನ ಬೆಂಡನ್ನು ಜಾಲಿಮುಳ್ಳಿನಿಂದ ಚುಚ್ಚಿ, ಅವರು ನನಗೊಂದು ಡಕೋಟ ಮಾಡಿಕೊಟ್ಟರು. ಮಕ್ಕಳು ಅದೇ ಬೆಂಡಿನಿಂದ ಬಂಡಿ ಮಾಡುತ್ತಾರೆ, ನನ್ನ ಗಂಡ ವಿಮಾನ ಮಾಡಿದರು. ಗೋಡೆಯ ಗೂಡಿನಲ್ಲಿ ದೀಪದ ಪಕ್ಕ ಇಟ್ಟಿದ್ದೆ. ಅವರು ಹೋದ ವಾರದಲ್ಲೇ ಕರಿ ಆಡು ಅದನ್ನು ತಿಂದು ಮುಗಿಸಿತು. ಅತ್ತೆ ಅಪರೂಪಕ್ಕೆ ನಕ್ಕಳು. “ಡಕೋಟ ತಿಂದೈತಿ. ಇನ್ನ ಹಾರತೈತಿ ನೋಡು” ಎಂದಳು.

ನಮ್ಮ ಸುರಪುರ ಯಾವ ವಿಮಾನದ ದಾರಿಯಲ್ಲೂ ಇರಲಿಲ್ಲ. ಅಂಗಳದ ಮೇಲಿನ ಆಕಾಶದಲ್ಲಿ ಹದ್ದು ಬರುತ್ತಿತ್ತು, ಗಿಳಿ ಬರುತ್ತಿದ್ದವು, ಅಷ್ಟೇ. ಆದರೂ ನನ್ನ ದಿನ ಅವುಗಳ ವೇಳೆಯಂತೆಯೇ ನಡೆಯುತ್ತಿತ್ತು. ರೊಟ್ಟಿ ತಟ್ಟುವಾಗ ಮದ್ರಾಸಿನದು ಹೊರಟಿತು, ಈಗ ಅವರು ಅಡ್ಡಗಟ್ಟಿಗೆ ತೆಗೆದಿರುತ್ತಾರೆ. ಅತ್ತೆಯ ಬುತ್ತಿ ಖಾಲಿಯಾಗುವ ಹೊತ್ತಿಗೆ ಬೆಂಗಳೂರಿನದು ಇಳಿಯುತ್ತದೆ, ಚೀಲ ಹೊರುತ್ತಾರೆ. ಕೀಲಿ ಹಾಕಿದ ಮನೆಯೊಳಗೆ ಕೂತು ನಾನು ಹೈದರಾಬಾದಿನ ನಿಲ್ದಾಣವನ್ನೇ ನಡೆಸುತ್ತಿದ್ದೆ.

ಆ ವರ್ಷ ಬೇಸಿಗೆಯಿಂದಲೇ ಅವರು ಬಂದಿರಲಿಲ್ಲ. ಸಂಸ್ಥಾನದ ಗಡಿ ಬಿಗಿಯಾಗಿತ್ತು, ಎಣ್ಣೆ ಉಪ್ಪು ಸಿಗುತ್ತಿರಲಿಲ್ಲ. ಹೈದರಾಬಾದಿನಿಂದ ಹೊರಗೆ ಹಾರುವ ವಿಮಾನಗಳನ್ನು ನಿಲ್ಲಿಸುತ್ತಾರಂತೆ ಎಂದೂ ಸುದ್ದಿ ಇತ್ತು. ಪಂಚಮಿ ಹತ್ತಿರ ಬಂದಾಗ ಬಳೆಗಾರ ಚಾಚಾ ಬಂದ. ಹೈದರಾಬಾದಿನ ಬಳೆ ಬಜಾರಿಗೆ ಹೋಗಿ ಮಾಲು ತರುವವನು ಅವನೊಬ್ಬನೇ. ಮನೆಯಲ್ಲಿ ತುರಕಮಾತು ಆಡಿದರೂ ಬೀದಿಯಲ್ಲಿ ನಮ್ಮ ಹಾಗೆಯೇ ಕನ್ನಡ ಆಡುತ್ತಿದ್ದ. ನಾನು ಹೊಸ್ತಿಲ ಒಳಗೆ ಕೂತು ಕೈ ಕೊಟ್ಟೆ, ಅವನು ಹೊರಗೆ ಕೂತು ಹಿಡಿದ. ಅತ್ತೆ ಪಡಸಾಲೆಯಲ್ಲಿ ಜೋಳ ಕೇರುತ್ತಿದ್ದಳು.

“ನನ್ನ ಮಗ ಕಂಡಿದ್ನೇನು?” ಎಂದು ಅಲ್ಲಿಂದಲೇ ಕೇಳಿದಳು.

“ಕಂಡಿದ್ದ.” ಚಾಚಾ ನನ್ನ ಬೆರಳುಗಳನ್ನು ಒತ್ತಿ ಹಿಡಿದು ಬಳೆ ಏರಿಸುತ್ತಿದ್ದ. ಮುಖ ಎತ್ತಲಿಲ್ಲ. “ಅವಗ ಇಮಾನ ಇಲ್ಲವ್ವ.”

ಮೊರದ ಸದ್ದು ನಿಂತಿತು. ನಾನು ಮುಂದಕ್ಕೆ ಬಾಗಿ ಕೇಳಿದೆ.

“ಎಂದಿನಿಂದ ಇಲ್ರಿ ಚಾಚಾ?”

“ಭಾಳ ದಿನಾತವ್ವ.”

“ಮತ್ತ ಎಂದ ಬರತೈತಂತರಿ?”

“ಒಮ್ಮಿ ಹ್ವಾದ ಮ್ಯಾಲ ಎಲ್ಲಿ ಬರತೈತಿ” ಎಂದು ಅವನು ತಲೆ ಅಲ್ಲಾಡಿಸಿದ.

“ಬಾಯಿ ಮುಚಗೊಂಡು ಬಳಿ ಇಡು” ಎಂದಳು ಅತ್ತೆ.

ವಿಮಾನ ನಿಲ್ಲಿಸಿಬಿಟ್ಟಿದ್ದಾರೆ, ಅಂದರೆ ಉದ್ದನೆಯ ಸೂಟಿ, ಅಂದರೆ ಅವರು ಬರುತ್ತಾರೆ. ನಾನು ತಿಳಿದುಕೊಂಡದ್ದು ಇಷ್ಟು. ಖುಷಿ ತಡೆಯದೆ, “ಒಂದು ಹೆಚ್ಚಿಗಿ ಇಡ್ರಿ ಚಾಚಾ” ಎಂದೆ. ಅವನು ಆಗ ನನ್ನ ಮುಖ ನೋಡಿದ. ತಲೆ ಕೆಟ್ಟವಳನ್ನು ನೋಡುವ ಹಾಗೆ ನೋಡಿ, ಒಂದು ಹಸಿರು ಬಳೆ ಹೆಚ್ಚಿಗೆ ಇಟ್ಟು ಬುಟ್ಟಿ ಹೊತ್ತುಕೊಂಡು ಹೋದ.

ಮರುದಿನ ನಾನು ಪಡಸಾಲೆ ಸಾರಿಸಿದೆ, ಕಡಲೆಬೇಳೆ ತೆಗೆದಿಟ್ಟೆ, ಶುಕ್ರವಾರ ತಲೆ ಎರೆದುಕೊಂಡು ಬಾಗಿಲ ಸಂದಿನಲ್ಲಿ ಕಣ್ಣಿಟ್ಟು ಕೂತೆ. ಮೋಟಾರು ಬಂದ ಸದ್ದು ಕೇಳಿತು, ಅವರು ಬರಲಿಲ್ಲ. “ರೈಲು ತಪ್ಪಿರಬೇಕಲ್ರೀ ಅತ್ತಿ?” ಎಂದೆ. ಅತ್ತೆ ಅಂದು ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಹೊಟ್ಟೆಬ್ಯಾನಿ ಎಂದಿದ್ದಳು. ನನ್ನ ಕಡೆ ನೋಡದೆ, “ಹೂಂ, ತಪ್ಪಿರಬೇಕು” ಎಂದಳು.

ಅದಾದ ಸ್ವಲ್ಪ ದಿನಕ್ಕೇ ಸಂಸ್ಥಾನದೊಳಗೆ ಭಾರತದ ದಂಡು ನುಗ್ಗಿ ಪೊಲೀಸ್ ಆ್ಯಕ್ಷನ್ ಆಯಿತು. ನಮ್ಮ ಅಂಗಳದ ಮೇಲೆ ನಾನು ಮೊದಲ ಸಲ ವಿಮಾನ ಕಂಡದ್ದು ಆಗಲೇ. ಅತ್ತೆ ನನ್ನನ್ನು ಎಳೆದುಕೊಂಡು ನೆಲದೊಳಗಿನ ಜೋಳದ ಹಗೇವಿನ ಕಡೆಗೆ ಓಡಿದಳು, ನಾನು ಕತ್ತು ತಿರುಗಿಸಿ ನೋಡುತ್ತಲೇ ಇದ್ದೆ. ಒಂದೇ ಇಂಜಿನ್ನು. ಡಕೋಟ ಅಲ್ಲ. “ಅವರದಲ್ರೀ” ಎಂದೆ. ಊರಿಗೆ ಊರೇ ಜೀವ ಕೈಯಲ್ಲಿ ಹಿಡಿದು ಕೂತಿದ್ದಾಗ ನನಗೆ ಬೇಸರವಾದದ್ದು ಅದೊಂದಕ್ಕೇ.

ಗದ್ದಲ ಮುಗಿದು ಬಂಡಿ ಮೋಟಾರು ಓಡಾಡತೊಡಗಿದವು. ಕೀಲಿ ಮಾತ್ರ ಇದ್ದ ಹಾಗೆಯೇ ಇತ್ತು. ದಿನಮಾನ ಸರಿ ಆಯ್ತಲ್ಲ ಎಂದರೆ, “ಗಂಡ ಮನ್ಯಾಗಿಲ್ಲ, ಮಂದಿ ಏನಂತಾರ” ಎಂದಳು ಅತ್ತೆ. ಜೋಳ ಕೊಯ್ಯುವ ಮೊದಲು ಅಪ್ಪ ಬೋನಾಳದಿಂದ ನಡೆದು ಬಂದ. ಕಟ್ಟೆಯ ಮೇಲೆ ಕೂತ, ನೀರು ಕೊಟ್ಟರೆ ಮುಟ್ಟಲಿಲ್ಲ. ಕಂಬಳಿ ಮಡಚುತ್ತ ಬಿಚ್ಚುತ್ತ ಅತ್ತೆಗೆ ಹೇಳಿದ. “ಇಷ್ಟು ದಿನ ಬಾರದವ ಇನ್ನೇನು ಬರತಾನ? ನಮ್ಮ ಹುಡುಗೀನ ಕಳಸ್ರಿ. ಮುದನಾಳದಾಗ ಒಬ್ಬ ಅದಾನ, ಹೇಣ್ತಿ ತೀರ್ಯಾಳ, ಮನ್ಯಾಗ ಕುರಿ ಅದಾವ. ದೈವದ ಮುಂದ ಉಡಿಕಿ ಮಾಡಿ ಕೊಡತೀನಿ.”

ನಮ್ಮ ಜನದಲ್ಲಿ ಅದು ತಪ್ಪಲ್ಲ. ಗಂಡ ಸತ್ತರೆ, ಇಲ್ಲವೆ ಬಿಟ್ಟು ಹೋದದ್ದು ಖಾತ್ರಿಯಾದರೆ, ಹಿರಿಯರೆದುರು ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುತ್ತಾರೆ. ಅದೇ ಉಡಿಕೆ. ಬಿಟ್ಟದ್ದು ಖಾತ್ರಿಯಾಗಬೇಕು, ಅಷ್ಟೇ. ಅದಕ್ಕೇ ಅಪ್ಪ ಕೇಳಿದ, “ಅವನಿಂದ ಏನರ ಸುದ್ದಿ ಬಂದೈತೇನ್ರಿ?”

ಅತ್ತೆ ಬಾಯಿ ತೆರೆಯುವ ಮೊದಲು ಬಾಗಿಲ ಮರೆಯಿಂದ ನಾನೇ ಹೇಳಿದೆ. “ಬಂದೈತಪ್ಪ. ಸೂಟಿ ಸಿಕ್ಕೈತಂತ. ಬರತಾರ.”

ಅಪ್ಪ ಅತ್ತೆಯ ಮುಖ ನೋಡಿದ. ಅತ್ತೆ ಸೆರಗಿನ ಗಂಟನ್ನು ಬಿಗಿ ಮಾಡಿಕೊಂಡಳು. ಆಮೇಲೆ, “ಕೇಳಿದ್ರಲ್ಲ ಬೀಗರ” ಎಂದಳು. ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದ. ನನಗೆ ಆಗ ಅಪ್ಪನ ಮೇಲೆ ಸಿಟ್ಟು ಬಂದಿತ್ತು. ಬರುವ ಗಂಡನನ್ನು ಬಿಡಿಸಿ ಕುರಿ ಕಾಯುವವನಿಗೆ ಕಟ್ಟಲು ಬಂದಿದ್ದಾನಲ್ಲ ಎಂದು.

ವರ್ಷಗಳು ಹೋದವು. ಹೊಸ ಸರ್ಕಾರ ಬಂದು ರಜೆ ಶುಕ್ರವಾರದಿಂದ ಐತವಾರಕ್ಕೆ ಬದಲಾಯಿತು. ಗೋಡೆಯಾಚೆ ಮನೆಯ ಮಾಸ್ತರರು ಕಟ್ಟೆಯ ಮೇಲೆ ಪತ್ರಿಕೆ ಗಟ್ಟಿಯಾಗಿ ಓದುತ್ತಿದ್ದರು, ಅದು ನನಗೆ ಅಲ್ಲಿಂದಲೇ ತಿಳಿಯಿತು. ತಿಳಿದ ದಿನವೇ ನಾನು ತಲೆ ಎರೆದುಕೊಳ್ಳುವ ದಿನ ಬದಲಿಸಿದೆ, ಶುಕ್ರವಾರ ಬಿಟ್ಟು ಐತವಾರ ಬಾಗಿಲ ಸಂದಿಗೆ ಕೂತೆ. ದೇಶದಲ್ಲಿ ಎಷ್ಟೋ ಬದಲಾದವಂತೆ, ನನಗೆ ಬದಲಾದದ್ದು ಕಾಯುವ ವಾರ. ಇನ್ನೊಮ್ಮೆ ಮಾಸ್ತರರು, ನಾಲ್ಕು ಇಂಜಿನ್ನಿನ ಸ್ಕೈಮಾಸ್ಟರ್ ಎಂಬ ದೊಡ್ಡ ವಿಮಾನಗಳು ಬಂದಿವೆ, ಟಪಾಲು ಈಗ ಕತ್ತಲಲ್ಲೂ ಹಾರುತ್ತದೆ ಎಂದು ಓದಿದರು. ನಾನು ಅದಕ್ಕೂ ಲೆಕ್ಕ ಹಾಕಿದೆ. ನಾಲ್ಕು ಇಂಜಿನ್ನು ಎಂದರೆ ಉದ್ದದ ಏಣಿ ಬೇಕು, ಚೀಲ ಹೆಚ್ಚು, ಆಳಿಗೆ ಬಿಡುವು ಎಲ್ಲಿಂದ ಬರಬೇಕು. ಅವರ ಪರವಾಗಿ ಇಷ್ಟು ಚಂದದ ನೆವಗಳನ್ನು ಅವರು ತಾವೇ ಕೂತರೂ ಹುಟ್ಟಿಸಲಾಗುತ್ತಿರಲಿಲ್ಲ.

ನಡುವೆ ಅಪ್ಪ ತೀರಿಕೊಂಡ. ಬಂಡಿಯಲ್ಲಿ ಹೋದೆ, ಮಣ್ಣು ಹಾಕಿದೆ, ಅದೇ ಬಂಡಿಯಲ್ಲಿ ಅತ್ತೆಯ ಪಕ್ಕ ಕೂತು ವಾಪಸು ಬಂದೆ. ಕುರಿಗಳನ್ನು ಕಾಕಂದಿರು ಹೊಡೆದುಕೊಂಡು ಹೋಗಿದ್ದರು. ಮುದನಾಳದವನು ಬೇರೆ ಲಗ್ನ ಮಾಡಿಕೊಂಡು ಎರಡು ಮಕ್ಕಳ ತಂದೆ ಆಗಿದ್ದಾನೆ ಎಂದು ಅಲ್ಲಿ ಯಾರೋ ಹೇಳಿದರು. ಆಗಲಿ ಪಾಪ ಎಂದುಕೊಂಡೆ.

ಬಳೆಗಾರ ಚಾಚಾ ಆ ಪಂಚಮಿಯ ನಂತರ ಬಂದೇ ಇರಲಿಲ್ಲ. ಗದ್ದಲದಲ್ಲಿ ಊರು ಬಿಟ್ಟು ಹೈದರಾಬಾದಿನಲ್ಲಿ ಮಗಳ ಮನೆ ಸೇರಿದ್ದನಂತೆ. ಇನ್ನೊಂದು ಪಂಚಮಿಯ ಮುಂದೆ, ಗಡ್ಡ ಪೂರಾ ಬೆಳ್ಳಗಾಗಿ, ಅದೇ ಬುಟ್ಟಿ ಹೊತ್ತು ಬಂದ. ನನ್ನನ್ನು ಕಂಡು ಬಾಗಿಲಲ್ಲೇ ನಿಂತ.

“ನೀ ಇನ್ನಾ ಇಲ್ಲೇ ಅದಿಯೇನವ್ವ?”

“ಎಲ್ಲಿ ಹೋಗ್ಲಿ ಚಾಚಾ, ಇಲ್ಲೇ ಅದೀನ್ರಿ” ಎಂದು ನಕ್ಕು ಎಡಗೈ ಚಾಚಿದೆ. ಹಸಿರು ಬಳೆ ಆರಿಸಿದೆ. ಅತ್ತೆ ಅಂದೂ ಪಡಸಾಲೆಯಲ್ಲಿ ಕೇರುತ್ತಿದ್ದಳು. ಚಾಚಾ ಹಳೆಯ ಬಳೆ ತೆಗೆದು ಹೊಸವನ್ನು ಏರಿಸಿ ಮುಗಿಸಿದ. ಬಲಗೈಯ ಹಳೆಯವನ್ನೂ ತೆಗೆದ. ಆಗ ಸದ್ದು ಕೇಳಿತು. ಎರಡು ಇಂಜಿನ್ನು, ಒಂದಕ್ಕೊಂದು ಹೊಂದಿಕೊಂಡ ದನಿ. ಮಳೆಯ ಮೋಡ ತಪ್ಪಿಸಿಕೊಳ್ಳಲು ದಾರಿ ಬಿಟ್ಟು ಬಂದಿತ್ತೋ ಏನೋ, ನಮ್ಮ ಅಂಗಳದ ಮೇಲೆಯೇ ಹಾಯಿತು. ಇಷ್ಟು ವರ್ಷ ಬಾಯಿಪಾಠ ಮಾಡಿದ ಡಕೋಟ. ನನಗೆ ಅಳು ಬಂತು.

ಚಾಚಾ ಹುಬ್ಬಿಗೆ ಕೈ ಹಚ್ಚಿ ನೋಡಿದ. “ಜಹಾಜ ಹೊಂಟೈತಿ” ಎಂದ.

“ಏನಂದ್ರಿ?”

“ಜಹಾಜವ್ವ. ಹವಾಯಿ ಜಹಾಜ.”

“ಅದಕ್ಕ ಇಮಾನ ಅನ್ನೂದಿಲ್ಲೇನ್ರಿ ನೀವು?”

“ನೀವು ಅಂತೀರಿ. ನಮ್ಮಾಗ ಅದು ಜಹಾಜ. ಇಮಾನ ಬ್ಯಾರೆ ಅಲ್ಲೇನವ್ವ. ಇಮಾನ ಅಂದ್ರ ನಿಯತ್ತು.” ನನ್ನ ಬಲಗೈ ಇನ್ನೂ ಅವನ ಕೈಯಲ್ಲಿತ್ತು.

ಇಮಾನ ಎಂದರೆ ನಿಯತ್ತು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ‘ಇಮಾನದಾರ ಆಳು’, ‘ಇಮಾನಗೇಡಿ’ ಎಂದು ನಾನೇ ದಿನಕ್ಕೆ ಹತ್ತು ಸಲ ಆಡುತ್ತಿದ್ದೆ. ಸುರಪುರದಲ್ಲಿ ಹುಟ್ಟಿದ ಕೂಸಿಗೂ ಆ ಮಾತು ಗೊತ್ತು. ಆದರೆ ನನ್ನ ಮನೆಯಲ್ಲಿ, ನನ್ನ ಕಿವಿಯಲ್ಲಿ, ಆ ಮಾತಿಗೆ ಎರಡು ಇಂಜಿನ್ನು ಇದ್ದವು. ಅವಗ ಇಮಾನ ಇಲ್ಲವ್ವ. ಒಮ್ಮಿ ಹ್ವಾದ ಮ್ಯಾಲ ಎಲ್ಲಿ ಬರತೈತಿ. ಅದಕ್ಕೆ ನಾನು ಒಂದು ಬಳೆ ಹೆಚ್ಚಿಗೆ ಕೇಳಿದ್ದೆ.

“ಆವತ್ತ ನೀವು ಹೇಳಿದ್ದು...” ಎಂದೆ.

ಚಾಚಾನಿಗೆ ಆಗ ತಿಳಿಯಿತು. “ಯಾ ಅಲ್ಲಾ. ನಿನಗ ತಿಳೀಲಿಲ್ಲೇನವ್ವ? ಅವ ಅಲ್ಲೇ ಹೈದರಾಬಾದದಾಗ ಒಬ್ಬಾಕಿನ್ನ ಮನಿಗೆ ತಂದಿದ್ದ. ಹೆಂಗ ಹೇಳಲಿ ಅಂತ ಅಷ್ಟೇ ಹೇಳಿದೆ. ನಿಮ್ಮತ್ತಿಗೆ ತಿಳೀತಲ್ಲ.”

ಪಡಸಾಲೆಯಲ್ಲಿ ಮೊರದ ಸದ್ದು ನಿಂತಿತ್ತು. ಮೊದಲ ಸಲ ನಿಂತದ್ದು ಯಾಕೆಂದು ಆಗ ಗೊತ್ತಾಯಿತು. ಸಿಟ್ಟು ನೆತ್ತಿಗೇರಿತು. ಗಂಡನ ಮೇಲಲ್ಲ, ಅವರು ಎಲ್ಲೋ ದೂರ ಇದ್ದರು. ಆ ಮೊರ ಹಿಡಿದವಳ ಮೇಲೆ.

“ಅತ್ತಿ, ನಿಮಗ ಗೊತ್ತಿತ್ತೇನ್ರಿ?”

“ಆವತ್ತೇ ಗೊತ್ತಾತು.”

“ನಮ್ಮಪ್ಪ ಬಂದಾಗ್ಲೂ ಗೊತ್ತಿತ್ತು?”

“ಬರತಾರಂತ ನೀನ ಹೇಳಿದಿ.” ಅವಳು ಮೊರ ಕೆಳಗಿಟ್ಟಳು. “ಖರೇ ಹೇಳಿದ್ರ ನೀ ಹೋಗತಿದ್ದಿ.”

“ಹೋಗತಿದ್ದೆ.”

“ಅದಕ್ಕ ಹೇಳಲಿಲ್ಲ. ಅವ ಹೋಗ್ಯಾನ. ನೀನೂ ಹ್ವಾದ್ರ, ಖಾಲಿ ಮನಿಗೆ ಕೀಲಿ ಹಾಕ್ಕೊಂಡು ನಾ ಎಲ್ಲಿ ತಿರುಗಲಿ?”

ಅವಳ ದನಿಯಲ್ಲಿ ಅಳುಕು ಇರಲಿಲ್ಲ, ಹಮ್ಮೂ ಇರಲಿಲ್ಲ. ಎದ್ದು ಬಂದಳು. ಸೆರಗಿನ ತುದಿಯ ಗಂಟನ್ನು ಹಲ್ಲಿನಿಂದ ಬಿಚ್ಚಿ, ಕೀಲಿಕೈಯನ್ನು ನನ್ನ ಮಡಿಲಿಗೆ ಹಾಕಿದಳು. ಅದು ಬೆಚ್ಚಗಿತ್ತು.

“ತಗೋ. ಇನ್ನ ಹೋಗೂದಿದ್ರ ಹೋಗು” ಎಂದು ಹಿತ್ತಲಿಗೆ ನಡೆದಳು.

ಬಾಗಿಲು ತೆರೆದಿತ್ತು. ಹೊರಗೆ ಬೀದಿ, ಬೀದಿಯ ಕೊನೆಗೆ ಮೋಟಾರು ನಿಲ್ಲುವ ಜಾಗ. ಬೋನಾಳದಲ್ಲಿ ಅಪ್ಪ ಇರಲಿಲ್ಲ, ಕುರಿ ಇರಲಿಲ್ಲ. ಮುದನಾಳದಲ್ಲಿ ಬೇರೊಬ್ಬಳು ರೊಟ್ಟಿ ತಟ್ಟುತ್ತಿದ್ದಳು. ಹೈದರಾಬಾದಿನಲ್ಲೂ ಬೇರೊಬ್ಬಳು. ಡಕೋಟದ ಸದ್ದು ಪೂರಾ ಅಡಗಿತ್ತು.

ಚಾಚಾ ಬಳೆ ಹಿಡಿದು ಕಾಯುತ್ತಿದ್ದ. “ಒಂದು ಕೈ ಬರಿದು ಬಿಡಬಾರದವ್ವ. ಇಡಲೇನು?” ಎಂದ.

ಕೀಲಿಕೈ ಮಡಿಲಲ್ಲಿ ಇಟ್ಟುಕೊಂಡೇ ನಾನು ಬಲಗೈ ಮುಂದೆ ಮಾಡಿದೆ.